ಇನ್ನೊಂದು ಕೈಯನ್ನೂ ಹಿಡಿದು ನೋಡಿ ಸ್ವಾಮಿ!

ನನ್ನ ಚಿಕ್ಕಪ್ಪನ ಮಗಳ ಎಡಗೈಯಲ್ಲಿ ನಾಡಿ ಬಡಿಯುತ್ತಿಲ್ಲ ಅಂತ ಗೊತ್ತಾಗೋದಕ್ಕೆ ಒಂದೂವರೆ ವರ್ಷ ಬೇಕಾಯಿತು. ಅಷ್ಟರೊಳಗೆ ಏಳು ಮಂದಿ ಡಾಕ್ಟರು ಅವಳನ್ನು ನೋಡಿದ್ದರು. ರಕ್ತ ಪರೀಕ್ಷೆಯ ಚೀಟಿಗಳೇ ಒಂದು ಪ್ಲಾಸ್ಟಿಕ್ ಚೀಲದ ತುಂಬ ಆಗಿದ್ದವು. ಕುತ್ತಿಗೆಯ ಎಕ್ಸ್‌ರೇ ತೆಗೆದಾಗಿತ್ತು, ತಾಕತ್ತಿನ ಟಾನಿಕ್ ಕುಡಿದಾಗಿತ್ತು, ಜ್ಯೋತಿಷ್ಯ ಕೇಳಿದ್ದೂ ಆಗಿತ್ತು. ಆಗದೇ ಉಳಿದಿದ್ದು ಒಂದೇ: ಅವಳ ಎರಡೂ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡುವುದು.

ಇದು ಒಬ್ಬ ಡಾಕ್ಟರ ಮೇಲಿನ ದೂರಲ್ಲ. ಯಾವ ಆಸ್ಪತ್ರೆಯ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಒಂದು ಕಡೆ ತಪ್ಪಾಗಿದ್ದರೆ ಅಲ್ಲಿ ಹೋಗಿ ಜಗಳ ಆಡಬಹುದಿತ್ತು. ಏಳು ಕಡೆ ಒಂದೇ ತಪ್ಪಾದರೆ ಅದು ತಪ್ಪಲ್ಲ, ಅಭ್ಯಾಸ. ನನ್ನ ತಕರಾರು ಆ ಅಭ್ಯಾಸದ ಮೇಲೆ.

ಶುರುವಾಗಿದ್ದು ಬಾವಿಕಟ್ಟೆಯಲ್ಲಿ. ಆಗ ಅವಳಿಗೆ ಇಪ್ಪತ್ಮೂರು. ನಾಲ್ಕು ಕೊಡ ನೀರು ಸೇದುವಷ್ಟರಲ್ಲಿ ಎಡಗೈ ಸೋತು ಹೋಗುತ್ತಿತ್ತು. ಸ್ವಲ್ಪ ಕೂತರೆ ಸರಿ, ಮತ್ತೆ ಸೇದಿದರೆ ಮತ್ತೆ ಅದೇ ಕಥೆ. ಜಡೆ ಹಾಕಿಕೊಳ್ಳುವಾಗ ಕೈ ಎತ್ತಿ ಹಿಡಿಯೋದಕ್ಕೆ ಆಗುತ್ತಿರಲಿಲ್ಲ. ಸಂಜೆ ಹೊತ್ತು ಸಣ್ಣಗೆ ಜ್ವರ, ತಲೆನೋವು, ತೂಕ ಇಳಿತ. ಮನೆಯವರು 'ಕೆಲಸಗಳ್ಳಿ' ಅಂದರು. ಮೊದಲ ಡಾಕ್ಟರು 'ರಕ್ತ ಕಡಿಮೆ' ಅಂದರು. ಎರಡನೆಯವರು ಟಿಬಿ ಇರಬಹುದು ಅಂತ ಕಫ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಮೂರನೆಯವರು ಕತ್ತಿನ ನರ ಒತ್ತಿದೆ ಅಂದರು. ನಾಲ್ಕನೆಯವರು ಅವಳನ್ನು ಬಿಟ್ಟು ಚಿಕ್ಕಮ್ಮನ ಕಡೆ ತಿರುಗಿ, "ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ" ಅಂದರು.

ಒಂದು ಆರೋಗ್ಯ ಶಿಬಿರದಲ್ಲಿ ನಡೆದದ್ದನ್ನಂತೂ ಅವಳು ಈಗಲೂ ನಕ್ಕು ಹೇಳುತ್ತಾಳೆ. ಎಡ ತೋಳಿಗೆ ಬಿಪಿ ಪಟ್ಟಿ ಕಟ್ಟಿದರೆ ಮಿಷನ್ ಮೂರು ಸಲವೂ 'ಎರರ್' ತೋರಿಸಿತಂತೆ. "ಬ್ಯಾಟರಿ ಹೋಗಿರಬೇಕು" ಅಂತ ಬ್ಯಾಟರಿ ಬದಲಿಸಿದರು. ಆಗಲೂ ಎರರ್. ಕೊನೆಗೆ ಬಲ ತೋಳಿಗೆ ಕಟ್ಟಿದಾಗ 170ರ ಮೇಲೆ 100 ಬಂತು. "ಏನಮ್ಮಾ, ಈ ವಯಸ್ಸಿಗೇ ಇಷ್ಟು ಟೆನ್ಷನ್ ಮಾಡ್ಕೊಂಡ್ರೆ ಹೇಗೆ?" ಅಂತ ಕೇಳಿ, ಉಪ್ಪು ಕಡಿಮೆ ಮಾಡು ಅಂತ ಹೇಳಿ ಕಳಿಸಿದರು.

ರೋಗದ ಅರ್ಧ ಗುಟ್ಟು ಆ ಮೇಜಿನ ಮೇಲೇ ಬಯಲಾಗಿತ್ತು ನೋಡಿ. ಒಂದು ಕೈಯಲ್ಲಿ ಬಿಪಿ ಸಿಗುವುದೇ ಇಲ್ಲ, ಇನ್ನೊಂದು ಕೈಯಲ್ಲಿ ಬೆಟ್ಟದಷ್ಟು ಏರಿದೆ. ಮಿಷನ್ ಸತ್ಯ ಹೇಳಿತ್ತು. ನಾವು ಬ್ಯಾಟರಿ ಬದಲಿಸಿದೆವು.

ಕೊನೆಗೆ ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದರಲ್ಲಿ, ಇನ್ನೂ ಓದುತ್ತಿದ್ದ ಹುಡುಗಿಯೊಬ್ಬಳು ಕೇಸ್ ಬರೆದುಕೊಳ್ಳೋದಕ್ಕೆ ಬಂದಳು. ಪುಸ್ತಕದಲ್ಲಿ ಹೇಳಿದ ಹಾಗೆ ಎರಡೂ ಕೈ ಹಿಡಿದು ನಾಡಿ ನೋಡಿದಳು. ಎಡಗೈಯನ್ನು ಬಿಡಲೇ ಇಲ್ಲ. ಓಡಿ ಹೋಗಿ ದೊಡ್ಡ ಡಾಕ್ಟರನ್ನು ಕರೆತಂದಳು. ಅವರು ಕುತ್ತಿಗೆಯ ಬುಡಕ್ಕೆ, ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಸ್ಕ್ಯಾನ್ ಆಯಿತು. ರೋಗದ ಹೆಸರು ಗೊತ್ತಾಯಿತು: ಟಕಾಯಾಸು ಆರ್ಟರೈಟಿಸ್.

ಹೆಸರು ಕೇಳಿ ಹೆದರಬೇಡಿ. ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರಿಂದ ಕವಲೊಡೆಯುವ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಉರಿಯೂತ ಆಗುವ ಕಾಯಿಲೆ ಇದು. ಕ್ರಿಮಿಯಿಂದ ರಕ್ಷಿಸಬೇಕಾದ ದೇಹದ ಕಾವಲು ವ್ಯವಸ್ಥೆಯೇ ದಾರಿತಪ್ಪಿ ತನ್ನ ರಕ್ತನಾಳದ ಮೇಲೆ ಬೀಳುತ್ತದೆ. ಗೋಡೆ ಊದಿ ದಪ್ಪವಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಹಳೆಯ ನೀರಿನ ಪೈಪಿನೊಳಗೆ ಪಾಚಿ ಕಟ್ಟಿದ ಹಾಗೆ ಅಂದುಕೊಳ್ಳಿ. ವ್ಯತ್ಯಾಸ ಏನೆಂದರೆ, ಇಲ್ಲಿ ಕೆಡುವುದು ಪೈಪಿನ ಗೋಡೆಯೇ. ಕೆಲವರಲ್ಲಿ ಗೋಡೆ ದುರ್ಬಲವಾಗಿ ಬಲೂನಿನಂತೆ ಉಬ್ಬುವುದೂ ಉಂಟು. ತೋಳಿಗೆ ಹೋಗುವ ನಾಳ ಕಿರಿದಾದರೆ ನೀರು ಸೇದುವಾಗ ಕೈ ಸೋಲುತ್ತದೆ. ಮಿದುಳಿಗೆ ಹೋಗುವ ನಾಳ ಕಿರಿದಾದರೆ ತಲೆ ಸುತ್ತು, ಕಣ್ಣು ಮಂಜು, ಕೆಲವೊಮ್ಮೆ ಪಾರ್ಶ್ವವಾಯು.

ಮೂತ್ರಪಿಂಡದ ನಾಳ ಕಿರಿದಾದರೆ ಇನ್ನೊಂದು ಎಡವಟ್ಟು. ತನಗೆ ಬರುವ ರಕ್ತ ಕಡಿಮೆಯಾದದ್ದನ್ನು ಕಂಡು ಮೂತ್ರಪಿಂಡವು 'ದೇಹದಲ್ಲೇ ರಕ್ತದೊತ್ತಡ ಕಡಿಮೆ' ಅಂತ ತಪ್ಪು ತಿಳಿದು, ಒತ್ತಡ ಏರಿಸುವ ರಾಸಾಯನಿಕ ಬಿಡುತ್ತದೆ. ಬಿಪಿ ಏರುತ್ತಲೇ ಹೋಗುತ್ತದೆ. ಜಪಾನಿನ ರೋಗಿಗಳಲ್ಲಿ ಎದೆಯ ಮೇಲ್ಭಾಗದ ನಾಳಗಳು ಹೆಚ್ಚಾಗಿ ಕೆಟ್ಟರೆ, ಭಾರತದ ರೋಗಿಗಳಲ್ಲಿ ಹೊಟ್ಟೆಯ ಮಹಾಪಧಮನಿ ಮತ್ತು ಮೂತ್ರಪಿಂಡದ ನಾಳಗಳಿಗೆ ಪೆಟ್ಟು ಬೀಳುವುದು ಹೆಚ್ಚು. ಹಾಗಾಗಿ ನಮ್ಮಲ್ಲಿ ಈ ರೋಗ ಎಷ್ಟೋ ಸಲ ಬಿಪಿಯ ವೇಷದಲ್ಲೇ ಬರುತ್ತದೆ. ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು. ಸಾಮಾನ್ಯವಾಗಿ ಶುರುವಾಗುವುದು 40 ವರ್ಷದೊಳಗೆ, ಹಲವರಿಗೆ ಹದಿಹರೆಯದಲ್ಲೇ.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದದ್ದೂ ಅಲ್ಲ. ಜಪಾನಿನ ಕನಜಾವಾದ ಕಣ್ಣಿನ ವೈದ್ಯ ಮಿಕಿಟೊ ಟಕಾಯಾಸು 1908ರಲ್ಲಿ ಒಬ್ಬ ಯುವತಿಯ ಕಣ್ಣಿನೊಳಗಿನ ರಕ್ತನಾಳಗಳು ವಿಚಿತ್ರವಾಗಿ ಮಾಲೆಯ ಹಾಗೆ ಹೆಣೆದುಕೊಂಡಿದ್ದನ್ನು ವರದಿ ಮಾಡಿದರು. ಇಂಥದ್ದನ್ನೇ ಕಂಡಿದ್ದ ಬೇರೆ ಇಬ್ಬರು ವೈದ್ಯರು ತಮ್ಮ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುತ್ತಿಲ್ಲ ಎಂದರು. 'ನಾಡಿಯಿಲ್ಲದ ರೋಗ' ಅನ್ನುವ ಹೆಸರೂ ಇದಕ್ಕೆ ಬಂತು. ಆಗ ಸ್ಕ್ಯಾನ್ ಇರಲಿಲ್ಲ. ಬೆರಳು ಇತ್ತು. ನೂರು ವರ್ಷದ ಮೇಲೆ ನಮ್ಮ ತಾಲೂಕು ಕೇಂದ್ರಗಳಲ್ಲೂ ಸ್ಕ್ಯಾನ್ ಸೆಂಟರುಗಳ ಬೋರ್ಡು ಕಾಣುತ್ತಿದೆ. ಬೆರಳು ಮಾತ್ರ ಕಾಣೆಯಾಗಿದೆ!

ಅಮೆರಿಕದ ಸಂಧಿವಾತ ತಜ್ಞರ ಸಂಘ 1990ರಲ್ಲಿ ಈ ರೋಗಕ್ಕೆ ಆರು ಲಕ್ಷಣಗಳ ಪಟ್ಟಿ ಮಾಡಿತು. ಅಧ್ಯಯನಕ್ಕಾಗಿ ರೋಗಿಗಳನ್ನು ವಿಂಗಡಿಸಲು ಮಾಡಿದ ಪಟ್ಟಿ ಅದು, ಈಚೆಗೆ ಹೊಸ ಮಾನದಂಡಗಳೂ ಬಂದಿವೆ. ಆದರೂ ಆ ಹಳೇ ಪಟ್ಟಿಯನ್ನು ಒಮ್ಮೆ ಓದಿ. 40 ವರ್ಷದೊಳಗೆ ಶುರುವಾಗುವುದು. ಕೆಲಸ ಮಾಡುವಾಗ ಕೈಕಾಲು ಸೋಲುವುದು. ತೋಳಿನ ನಾಡಿ ಕ್ಷೀಣವಾಗಿರುವುದು. ಎರಡು ತೋಳುಗಳ ಬಿಪಿಯಲ್ಲಿ, ಮೇಲಿನ ಅಂಕಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸ. ಕೊರಳೆಲುಬಿನ ಹತ್ತಿರ ಅಥವಾ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ರಕ್ತ ಸುಯ್ ಎಂದು ಹರಿಯುವ ಸದ್ದು. ಆರನೆಯದು, ರಕ್ತನಾಳಗಳ ಎಕ್ಸ್‌ರೇ ಚಿತ್ರದಲ್ಲಿ ಕಾಣುವ ಬದಲಾವಣೆ. ಈ ಆರರಲ್ಲಿ ಮೂರಿದ್ದರೆ ಸಾಕು.

ಲೆಕ್ಕ ಹಾಕಿ. ಆರರಲ್ಲಿ ಐದಕ್ಕೆ ದೊಡ್ಡ ಮಿಷನ್ ಬೇಡ. ವಯಸ್ಸು ಕೇಳಬೇಕು, ಕೈ ಸೋಲುತ್ತದೆಯೇ ಅಂತ ಕೇಳಬೇಕು, ಬೆರಳಿಡಬೇಕು, ಪಟ್ಟಿಯನ್ನು ಇನ್ನೊಂದು ತೋಳಿಗೂ ಕಟ್ಟಬೇಕು, ಸ್ಟೆತಾಸ್ಕೋಪನ್ನು ಎದೆಯಿಂದ ನಾಲ್ಕು ಬೆರಳು ಆಚೀಚೆ ಸರಿಸಬೇಕು. ನಮ್ಮ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವಿಲ್ಲ ಹೇಳಿ?

ಈ ಮಾತನ್ನು ಒಬ್ಬ ಪರಿಚಯದ ಡಾಕ್ಟರ ಹತ್ತಿರ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. "ಅಲ್ಲ ಮಾರಾಯ, ಇದು ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರೋ ಕಾಯಿಲೆ. ದಿನಾ ನೂರು ಪೇಷೆಂಟು ನೋಡ್ತೀನಿ. ಎಲ್ಲರ ಎರಡೂ ಕೈ ಹಿಡ್ಕೊಂಡು ಕೂತ್ರೆ ಹೊರಗೆ ಕ್ಯೂನಲ್ಲಿ ನಿಂತೋರು ನನ್ನ ಕೈ ಮುರೀತಾರೆ."

ಮಾತು ಸುಳ್ಳಲ್ಲ. ಒಬ್ಬ ಡಾಕ್ಟರು, ನೂರು ರೋಗಿಗಳು, ಅದೂ ಸಾಲದ್ದಕ್ಕೆ ಮೀಟಿಂಗು, ವರದಿ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಾನು ಕೇಳುತ್ತಿರುವುದು ನೂರು ಜನರಿಗೆ ದಿನವೂ ಅಲ್ಲ. ಮೊದಲ ಸಲ ಬಿಪಿ ನೋಡುವಾಗ ಎರಡೂ ತೋಳಿನಲ್ಲಿ ನೋಡಿ, ಯಾವುದರಲ್ಲಿ ಹೆಚ್ಚಿದೆಯೋ ಮುಂದೆ ಆ ತೋಳನ್ನೇ ಬಳಸಿ ಅಂತ ಬಿಪಿ ಚಿಕಿತ್ಸೆಯ ಮಾರ್ಗಸೂಚಿಗಳೇ ಹೇಳುತ್ತವೆ. ಇದು ನನ್ನ ಹೊಸ ಬೇಡಿಕೆಯಲ್ಲ, ಪುಸ್ತಕದಲ್ಲಿರುವ ಹಳೇ ನಿಯಮ. ಅದನ್ನು ಡಾಕ್ಟರೇ ಮಾಡಬೇಕೆಂದೂ ಇಲ್ಲ. ನರ್ಸ್ ಮಾಡಬಹುದು, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಮಾಡಬಹುದು. ಜಾಸ್ತಿ ಎಂದರೆ ಎರಡು ನಿಮಿಷದ ಕೆಲಸ.

ಇನ್ನು 'ಅಪರೂಪದ ಕಾಯಿಲೆ' ಅನ್ನುವ ಮಾತು. ಎರಡನೇ ತೋಳು ನೋಡಿದರೆ ಸಿಗುವುದು ಟಕಾಯಾಸು ಒಂದೇ ಅಲ್ಲ. ಹುಟ್ಟಿನಿಂದಲೇ ಮಹಾಪಧಮನಿ ಕಿರಿದಾಗಿರುವ ಮಕ್ಕಳಲ್ಲಿ ಕೆಲವರು ಸಿಗುತ್ತಾರೆ. ಕೊಬ್ಬು ಕಟ್ಟಿ ರಕ್ತನಾಳ ಕಿರಿದಾಗಿರುವ ವಯಸ್ಸಾದವರು ಸಿಗುತ್ತಾರೆ. ಒಂದೇ ಬಲೆಗೆ ಇಷ್ಟೆಲ್ಲ ಬೀಳುವಾಗ ಅಪರೂಪದ ಮೀನಿನ ಹೆಸರು ಹೇಳಿ ಬಲೆಯನ್ನೇ ಬೀಸದಿರುವುದು ಯಾವ ನ್ಯಾಯ?

ಕಾಲಿನ ವಿಷಯವೂ ಇಷ್ಟೇ. ಟಕಾಯಾಸು ವರದಿ ಮಾಡಿದ ಅದೇ 1908ರಲ್ಲಿ ನ್ಯೂಯಾರ್ಕಿನಲ್ಲಿ ಲಿಯೋ ಬರ್ಗರ್ ಎಂಬ ವೈದ್ಯರು ಇನ್ನೊಂದು ರಕ್ತನಾಳದ ಉರಿಯೂತವನ್ನು ವಿವರಿಸಿದರು. ಅದಕ್ಕೆ ಈಗ ಬರ್ಗರ್ ಕಾಯಿಲೆ ಅನ್ನುತ್ತಾರೆ. ಅದು ಬರುವುದು ತಂಬಾಕು ಸೇವಿಸುವವರಿಗೆ, ಹೆಚ್ಚಾಗಿ 50 ದಾಟದ ಗಂಡಸರಿಗೆ. ಬೀಡಿ ಕಟ್ಟಿ ಬದುಕಿದ, ಬೀಡಿ ಸೇದಿ ಬೆಳೆದ ಕರಾವಳಿಯ ನಮಗೆ ಇದು ದೂರದ ರೋಗವಲ್ಲ. ನಡೆದರೆ ಪಾದ ನೋವು, ಬೆರಳು ತಣ್ಣಗೆ, ಬಣ್ಣ ಕಪ್ಪು, ಕೊನೆಗೆ ಮಾಯದ ಹುಣ್ಣು. "ಶುಗರ್ ಇರಬೇಕು" ಅಂತ ರಕ್ತ ಪರೀಕ್ಷೆ ಮಾಡಿ, ಶುಗರ್ ಇಲ್ಲ ಅಂತ ತಿಳಿದ ಮೇಲೂ ಮುಲಾಮು ಹಚ್ಚುತ್ತಾ ಕೂರುತ್ತೇವೆ. ಪಾದದ ಮೇಲೆ, ಹರಡಿನ ಹಿಂದೆ ನಾಡಿ ಬಡಿಯುತ್ತಿದೆಯೇ ಅಂತ ಮುಟ್ಟಿ ನೋಡಿದವರೆಷ್ಟು? ಇದರಲ್ಲಿ ಕಾಲು ಉಳಿಸುವ ಮುಖ್ಯ ಚಿಕಿತ್ಸೆ ಒಂದೇ, ತಂಬಾಕನ್ನು ಪೂರ್ತಿ ಬಿಡುವುದು. ದಿನಕ್ಕೆ ಎರಡೇ ಬೀಡಿ ಅಂತ ಇಳಿಸಿದರೆ ಸಾಲದು. ಈ ಮಾತನ್ನು ಬೆರಳು ಕತ್ತರಿಸುವ ದಿನ ಹೇಳಿದರೆ ಏನು ಬಂತು?

ಸರ್ಕಾರದ ಕಡೆಗೂ ಒಂದು ಮಾತು. ಬಿಪಿ, ಶುಗರ್ ತಪಾಸಣೆಗೆ ಮನೆಮನೆಯ ಪಟ್ಟಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದರಲ್ಲಿ ಲೆಕ್ಕಕ್ಕೆ ಬರುವುದು 30 ವರ್ಷ ದಾಟಿದವರು. ಹೆಚ್ಚಿನ ಬಿಪಿ ರೋಗಿಗಳು ಆ ವಯಸ್ಸಿನವರೇ ಆದ್ದರಿಂದ ಆ ಗೆರೆಗೆ ಅರ್ಥವಿದೆ. ಆದರೆ ಗೆರೆಯ ಈಚೆಗಿರುವ ಇಪ್ಪತ್ಮೂರರ ಹುಡುಗಿಯಲ್ಲಿ 170 ಕಂಡರೆ ಅದು 'ಟೆನ್ಷನ್' ಅಲ್ಲ. ಆ ವಯಸ್ಸಿನಲ್ಲಿ ಅಷ್ಟು ಬಿಪಿ ಇದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಅಂತ ಹುಡುಕುವುದು ವೈದ್ಯಶಾಸ್ತ್ರದ ಮೊದಲ ಪಾಠ. ನಾವು ಆ ಪಾಠದ ಜಾಗದಲ್ಲಿ ಮದುವೆಯನ್ನು ಇಟ್ಟಿದ್ದೇವೆ.

ಮದುವೆಯ ನಂತರದ ಕಥೆ ಇನ್ನೂ ಭಯದ್ದು. ತಾಯಿ ಕಾರ್ಡಿನಲ್ಲಿ ಬಿಪಿ ಬರೆಯುತ್ತಾರೆ, ಸರಿ. ಯಾವ ತೋಳಿನದ್ದು? ಕಿರಿದಾದ ನಾಳವಿರುವ ತೋಳಿನಲ್ಲಿ ನೋಡಿದರೆ 110 ತೋರಿಸುತ್ತದೆ. ಅದೇ ಹೊತ್ತಿಗೆ ಹೃದಯ, ಮಿದುಳುಗಳ ಮೇಲೆ 170ರ ಒತ್ತಡ ಇರಬಹುದು. ಕಾರ್ಡ್ ಮಾತ್ರ 'ನಾರ್ಮಲ್' ಅನ್ನುತ್ತದೆ. ಹೆರಿಗೆಯ ಹೊತ್ತಿಗೆ ಆ ಒತ್ತಡ ಏನು ಮಾಡಬಹುದು ಅಂತ ಊಹಿಸಿ. ಎರಡೂ ತೋಳಿನ ನಾಳ ಕೆಟ್ಟಿದ್ದರೆ ತೊಡೆಗೆ ದೊಡ್ಡ ಪಟ್ಟಿ ಕಟ್ಟಿ ನೋಡಬೇಕಾಗುತ್ತದೆ. ಆದರೆ ಒಂದೇ ತೋಳು ನೋಡುವಲ್ಲಿ ಆ ಅನುಮಾನವಾದರೂ ಹೇಗೆ ಬರಬೇಕು?

ಬೇಗ ಗೊತ್ತಾದರೆ ಪ್ರಯೋಜನ ಏನು ಅಂತ ಕೇಳುವವರಿಗೆ: ಬಹಳ ಇದೆ. ಉರಿಯೂತ ಬಿಸಿಯಾಗಿರುವಾಗಲೇ ಹಿಡಿದರೆ ಔಷಧದಿಂದ ತಣಿಸಬಹುದು. ಮೊದಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ದೊಡ್ಡ ಡೋಸಿನಲ್ಲಿ ಶುರು ಮಾಡಿ ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುತ್ತಾರೆ. ಜೊತೆಗೆ ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್ ಅಥವಾ ಮೈಕೊಫಿನೊಲೇಟ್ ತರದ ಔಷಧ. ಇವಕ್ಕೆ ಬಗ್ಗದಿದ್ದರೆ ಟೊಸಿಲಿಜುಮ್ಯಾಬ್‌ನಂಥ ದುಬಾರಿ ಇಂಜೆಕ್ಷನ್. ತೀರಾ ಕಿರಿದಾದ ನಾಳವನ್ನು ಬಲೂನಿನಿಂದ ಅಗಲಿಸುವುದಾಗಲಿ, ಬೈಪಾಸ್ ಆಗಲಿ ಸಾಧ್ಯವಾದಷ್ಟು ಉರಿಯೂತ ತಣ್ಣಗಾದ ಮೇಲೆ ಮಾಡುತ್ತಾರೆ. ಬಿಸಿ ಇರುವಾಗ ಮಾಡಿದರೆ ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು. ತಡವಾದರೆ? ಗೋಡೆ ಗಟ್ಟಿಯಾಗಿ ಗಾಯದ ಕಲೆಯಂತೆ ಕೂತುಬಿಡುತ್ತದೆ. ಆಮೇಲೆ ಯಾವ ಮಾತ್ರೆಯೂ ಆ ನಾಳವನ್ನು ಮೊದಲಿನ ಹಾಗೆ ಮಾಡುವುದಿಲ್ಲ. ನಮ್ಮ ಹುಡುಗಿಯ ಎಡಗೈ ನಾಡಿ ವಾಪಸ್ ಬರಲೇ ಇಲ್ಲ. ಆ ಒಂದೂವರೆ ವರ್ಷದ ಬೆಲೆ ಅದು.

ಸ್ಟೀರಾಯ್ಡ್ ಎಂದ ಕೂಡಲೇ ನಮ್ಮೂರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಅದು ವಿಷ. ಮುಖ ಊದುತ್ತದೆ ಅಂತ ಯಾರೋ ಹೇಳಿದರು ಅಂತ ಒಂದು ದಿನ ಬೆಳಗ್ಗೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಮುಖ ಊದುವುದು ನಿಜ, ಶುಗರ್ ಏರಬಹುದು, ಮೂಳೆ ಸವೆಯಬಹುದು. ಆದರೆ ಬಹುಕಾಲ ತಗೊಂಡ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಇನ್ನೊಂದು ಪಂಗಡಕ್ಕೆ ಅದು ಅಮೃತ. ಪೇಟೆಯ ಕೆಲವು 'ಡಾಕ್ಟರು' ಏನು ನೋವಿದ್ದರೂ ಒಂದು ಇಂಜೆಕ್ಷನ್ ಚುಚ್ಚಿ ಕಳಿಸುತ್ತಾರೆ. ಮೂರು ದಿನ ಹಾಯ್ ಅನಿಸುತ್ತದೆ. ಜ್ವರ, ಸುಸ್ತು ಮರೆಯಾಗುತ್ತವೆ, ರೋಗ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಔಷಧ ಒಂದೇ. ಲೆಕ್ಕ ಗೊತ್ತಿದ್ದವರ ಕೈಯಲ್ಲಿ ನಾಳ ಉಳಿಸುತ್ತದೆ, ಲೆಕ್ಕವಿಲ್ಲದವರ ಕೈಯಲ್ಲಿ ರೋಗ ಬಚ್ಚಿಡುತ್ತದೆ. ಹೆಂಗಸರು ಇನ್ನೊಂದು ತಿಳಿದಿರಬೇಕು: ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಮಗು ಬೇಕೆಂದರೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಔಷಧ ಬದಲಿಸಿಕೊಳ್ಳಬೇಕು. ರೋಗ ಹತೋಟಿಯಲ್ಲಿದ್ದರೆ ತಾಯಿಯಾಗಲು ಸಾಧ್ಯವಿದೆ. ಇದನ್ನು ಅತ್ತೆ ಮನೆಯವರಿಂದ ಮುಚ್ಚಿಟ್ಟು ಮಾಡುವ ಮದುವೆಗಳು ಮಾತ್ರ ಮಾತ್ರೆಯನ್ನೂ ಮುಚ್ಚಿಡುವಂತೆ ಮಾಡುತ್ತವೆ.

ದುಡ್ಡಿನ ಮಾತು. ಆಯುಷ್ಮಾನ್ ಯೋಜನೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಈ ರೋಗ ಮಲಗಿಸುವುದಕ್ಕಿಂತ ಹೆಚ್ಚು ಓಡಾಡಿಸುತ್ತದೆ. ತಿಂಗಳ ಮಾತ್ರೆ, ಆಗಾಗ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸ್ಕ್ಯಾನ್. ಇದನ್ನು ಚೆನ್ನಾಗಿ ಬಲ್ಲ ಸಂಧಿವಾತ ತಜ್ಞರು ಹೆಚ್ಚಾಗಿ ಇರುವುದು ದೊಡ್ಡ ಊರುಗಳಲ್ಲಿ. ಹಿಂದಿನ ರಾತ್ರಿ ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಪ್ರೆಡ್ನಿಸೊಲೋನ್, ಮೆಥೊಟ್ರೆಕ್ಸೇಟ್ ಎರಡೂ ದೇಶದ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಹಾಗಿದ್ದ ಮೇಲೆ ಅವನ್ನು ತಾಲೂಕು ಆಸ್ಪತ್ರೆಯ ಕಿಟಕಿಯಲ್ಲಿ ತಿಂಗಳು ತಿಂಗಳು ಕೊಡುವುದಕ್ಕೆ ಅಡ್ಡಿ ಏನು?

ಕೊನೆಗೆ ನಮ್ಮದೇ ಪಾಲಿನ ತಪ್ಪು. ನಾವು ಗ್ರಾಮೀಣ ಪತ್ರಿಕೋದ್ಯಮ ಓದಿದವರು. ವರದಿಗೆ ಹೋದಲ್ಲಿ ಎಷ್ಟು ಸಲ 'ವಿಚಿತ್ರ ಕಾಯಿಲೆಗೆ ತುತ್ತಾದ ಯುವತಿ: ನೆರವಿಗೆ ಮನವಿ' ಅಂತ ಬರೆದಿಲ್ಲ ನಾವು? ನಾನೇ ಬರೆದಿದ್ದೇನೆ. ಹಾಸಿಗೆ ಮೇಲಿನ ಫೋಟೊ, ತಾಯಿಯ ಕಣ್ಣೀರು, ಬ್ಯಾಂಕ್ ಖಾತೆ ಸಂಖ್ಯೆ, ಎಲ್ಲ ಇರುತ್ತಿತ್ತು. ಕಾಯಿಲೆಯ ಹೆಸರು ಇರುತ್ತಿರಲಿಲ್ಲ. ಡಾಕ್ಟರ ಚೀಟಿಯಲ್ಲಿದ್ದ ಹೆಸರನ್ನು 'ಓದುಗರಿಗೆ ಅರ್ಥವಾಗಲ್ಲ' ಅಂತ ನಾವೇ ಹೊಡೆದು ಹಾಕುತ್ತಿದ್ದೆವು. ಅದೇ ಲಕ್ಷಣ ಇರುವ ಇನ್ನೊಬ್ಬ ಹುಡುಗಿ ಪಕ್ಕದ ಊರಲ್ಲಿ ಆ ಪತ್ರಿಕೆ ಓದಿದ್ದರೆ ಅವಳಿಗೆ ಸಿಕ್ಕಿದ್ದೇನು? ಕನಿಕರ. ಬೇಕಾಗಿದ್ದದ್ದು ಮಾಹಿತಿ. ಏಳು ಮಂದಿ ಡಾಕ್ಟರನ್ನು ಬೈಯುವ ಮೊದಲು ಆ ವರದಿಯ ಕತ್ತರಿ ತುಣುಕನ್ನು ತೆಗೆದು ನೋಡಿದೆ. ನನಗೇ ನಾಚಿಕೆಯಾಯಿತು.

ಹಾಗಾಗಿ ನಮ್ಮ ಬಳಗಕ್ಕೆ ನನ್ನ ಮೊದಲ ಬೇಡಿಕೆ: ಇನ್ನು ಮೇಲೆ 'ವಿಚಿತ್ರ ಕಾಯಿಲೆ' ಅಂತ ಬರೆಯುವುದು ಬೇಡ. ಹೆಸರು ಬರೆಯಿರಿ, ಲಕ್ಷಣ ಬರೆಯಿರಿ, ಯಾವ ತಜ್ಞರ ಹತ್ತಿರ ಹೋಗಬೇಕು ಬರೆಯಿರಿ. ಖಾತೆ ಸಂಖ್ಯೆ ಆಮೇಲೆ.

ಆರೋಗ್ಯ ಇಲಾಖೆಗೆ: ಮೊದಲ ಸಲದ ಬಿಪಿಯನ್ನು ಎರಡೂ ತೋಳಿನಲ್ಲಿ ನೋಡಲಿ. ತಾಯಿ ಕಾರ್ಡಿನಲ್ಲಿ ಎಡ, ಬಲ ಎಂದು ಎರಡು ಕಾಲಂ ಬರಲಿ. ಮೂವತ್ತರೊಳಗಿನವರಲ್ಲಿ ಬಿಪಿ ಹೆಚ್ಚಿದ್ದರೆ 'ಟೆನ್ಷನ್' ಎನ್ನದೆ ಕಾರಣ ಹುಡುಕಲು ಮುಂದೆ ಕಳಿಸಲಿ.

ಓದುವ ನಿಮಗೆ: ಎರಡು ತೋಳಿನ ಬಿಪಿಯಲ್ಲಿ ಸಣ್ಣ ವ್ಯತ್ಯಾಸ ಅನೇಕರಿಗೆ ಇರುತ್ತದೆ, ಅದಕ್ಕೆ ಹೆದರಬೇಡಿ. ಮಣಿಕಟ್ಟಿನಲ್ಲಿ ನಿಮಗೆ ನಾಡಿ ಸಿಗಲಿಲ್ಲ ಎಂದ ಮಾತ್ರಕ್ಕೆ ರೋಗ ಎಂದೂ ಅಲ್ಲ, ಹಿಡಿಯುವ ಅಭ್ಯಾಸ ಬೇಕು. ಆದರೆ ವ್ಯತ್ಯಾಸ 10ಕ್ಕಿಂತ ಹೆಚ್ಚು ಇದ್ದು ಮತ್ತೆ ಮತ್ತೆ ನೋಡಿದಾಗಲೂ ಹಾಗೇ ಇದ್ದರೆ, ಕೆಲಸ ಮಾಡುವಾಗ ಒಂದೇ ಕೈ ಸೋಲುತ್ತಿದ್ದರೆ, ಕಾರಣ ತಿಳಿಯದ ಜ್ವರ, ತೂಕ ಇಳಿತದ ಜೊತೆ ಬಿಪಿಯೂ ಇದ್ದರೆ ಸುಮ್ಮನೆ ಬರಬೇಡಿ. ಡಾಕ್ಟರ ಮುಂದೆ ಇನ್ನೊಂದು ಕೈಯನ್ನೂ ಚಾಚಿ. "ಡಾಕ್ಟ್ರೇ, ಇದರಲ್ಲೂ ಒಂದು ಸಲ ನೋಡಿ" ಅನ್ನಿ. ಗೊಣಗಿದರೆ ಗೊಣಗಲಿ.

ಚಿಕ್ಕಪ್ಪನ ಮಗಳು ಈಗ ಮಾತ್ರೆಯಲ್ಲಿದ್ದಾಳೆ, ಬಿಪಿ ಹತೋಟಿಯಲ್ಲಿದೆ, ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ಊರಲ್ಲಿ ಮತ್ತೊಂದು ಶಿಬಿರ ಇತ್ತು. ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ "ಎರಡೂ ಕೈಯಲ್ಲಿ ನೋಡಿಸ್ಕೊಳ್ಳಿ ಅಕ್ಕ" ಅಂತ ಹೇಳುತ್ತಾ ನಿಂತಿದ್ದಳಂತೆ. ಶಿಬಿರದವರು, "ಯಾರಮ್ಮ ನೀನು, ಡಾಕ್ಟರಾ?" ಅಂತ ಕೇಳಿದರು.

"ಅಲ್ಲ ಸಾರ್, ಹೋದ ಸಲ ನಿಮ್ಮ ಮಿಷನ್ ಬ್ಯಾಟರಿ ಬದಲಿಸಿದ್ರಲ್ಲ, ಆ ಪೇಷೆಂಟು" ಅಂದಳಂತೆ.